ಮೊಸರಿಲ್ಲದ ತಿಂಗಳು

ಗಡ್ಡಕ್ಕೆ ಸೋಪು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದಾಗ ಬಾಲ್ಕನಿಯಲ್ಲಿ ನಾಯಿ ಶುಂಠಿ ಕೆಮ್ಮಿತು. ಒಣ ಕೆಮ್ಮು. ಗಂಟಲಲ್ಲಿ ಸಿಕ್ಕಿಕೊಂಡ ಏನನ್ನೋ ಹೊರಗೆ ಹಾಕಲು ನೋಡಿ, ಆಗದೆ, ಸುಮ್ಮನಾದಂತೆ. ಒಳಗಿನಿಂದ ಹೆಂಡತಿ ವಿಭಾ, ‘ಕೇಳಿಸ್ತಾ ನಿಮಗೆ?’ ಎಂದಳು. ಬಾಯಿಯ ಸುತ್ತ ನೊರೆ ಇದ್ದುದರಿಂದ ಸುಶಮೀಂದ್ರ ಉತ್ತರ ಕೊಡಬೇಕಾಗಿರಲಿಲ್ಲ. ಈ ಕೆಮ್ಮನ್ನು ಅವನು ಇವತ್ತು ಮೊದಲ ಸಲ ಕೇಳುತ್ತಿರಲಿಲ್ಲ. ಬೆಳಿಗ್ಗೆ ಸ್ಟೇಷನ್ ರಸ್ತೆಯವರೆಗೆ ಸುತ್ತಾಡಿಸಲು ಕರೆದುಕೊಂಡು ಹೋದಾಗ, ಹೂವಿನವಳ ಗಾಡಿಯ ಹತ್ತಿರ ನಾಯಿ ನಿಂತುಬಿಡುತ್ತಿತ್ತು. ಮೊದಲು ಅವನನ್ನೇ ಎಳೆದುಕೊಂಡು ಹೋಗುತ್ತಿದ್ದ ಪ್ರಾಣಿ ಅದು. ಮೇ ತಿಂಗಳ ಕತ್ತರಿ ಬಿಸಿಲು, ಮನುಷ್ಯರಿಗೇ ಮೇಲುಸಿರು ಬರುತ್ತದೆ, ನಾಯಿಯ ಪಾಡೇನು ಎಂದು ಅವನು ಅಂದುಕೊಂಡಿದ್ದ. ಅಂದುಕೊಂಡಿದ್ದನ್ನು ನಂಬಿರಲಿಲ್ಲ. ಇವತ್ತು ವರ್ಷದ ಇಂಜೆಕ್ಷನ್ ಹಾಕಿಸಲು ಮೈಲಾಪೂರಿಗೆ ಹೋಗಬೇಕಿತ್ತು. ವಿಭಾ ಬ್ಯಾಂಕಿಗೆ ರಜ ಹಾಕಿದ್ದಳು. ತಾನೊಬ್ಬಳೇ ಆಟೋದಲ್ಲಿ ಹೋಗಿಬರುತ್ತೇನೆ ಎಂದೂ ಹೇಳಿದ್ದಳು. ಆದರೂ ಅವನು ಎಣ್ಣೂರಿನ ಆಫೀಸಿಗೆ ಫೋನು ಮಾಡಿ ಅರ್ಧ ದಿನ ಬರುವುದಿಲ್ಲ ಎಂದಿದ್ದ. ತಾನು ಹೋಗುತ್ತಿರುವುದು ಅಲ್ಲಿ ಡಾಕ್ಟರು ಕೇಳುವ ಒಂದು ಪ್ರಶ್ನೆಗೆ ಉತ್ತರ ಹೇಳಲೋ, ಆ ಉತ್ತರ ಹೊರಬೀಳದಂತೆ ಕಾಯಲೋ ಎಂಬುದು ಕೆನ್ನೆಯ ಮೇಲೆ ಬ್ಲೇಡು ಆಡಿಸುವಾಗಲೂ ಅವನಿಗೆ ತಿಳಿದಿರಲಿಲ್ಲ. ಗಲ್ಲದ ಹತ್ತಿರ ಸ್ವಲ್ಪ ಕೊಯ್ದುಕೊಂಡ.

ನಾಯಿಯ ಹೆಸರು ನಿಜವಾಗಿ ಜಿಂಜರ್. ವಿಭಾಳ ಮ್ಯಾನೇಜರು ಗುವಾಹಾಟಿಗೆ ವರ್ಗವಾದಾಗ ಕೊಟ್ಟುಹೋದ ಕಂದುಬಣ್ಣದ ಮರಿ. ಹಾಗೆಂದರೇನು ಎಂದು ಸುಶಮೀಂದ್ರನ ಅಮ್ಮ ಕೇಳಿದಳು, ಶುಂಠಿ ಎಂದರು, ಅಷ್ಟೇ. ಅಂದಿನಿಂದ ಅದು ಶುಂಠಿಯೇ. ಮೊದಲ ಸಲ ತೋರಿಸಲು ಹೋದಾಗ ಡಾಕ್ಟರ್ ಶಿವರಂಜನ್ ಮರಿಯ ಕಿವಿ ಹಲ್ಲು ನೋಡಿ, ಮನೆ ಎಲ್ಲಿ ಎಂದು ವಿಚಾರಿಸಿ, ವೆಸ್ಟ್ ಮಾಂಬಲಂ ಎಂದ ಕೂಡಲೆ ನಕ್ಕಿದ್ದರು. ಮಾಂಬಲದ ಸೊಳ್ಳೆಯ ಖ್ಯಾತಿ ಮೈಲಾಪೂರಿಗೂ ಮುಟ್ಟಿತ್ತು. ದಾವಣಗೆರೆ ಕಡೆಯಿಂದ ಬಂದು ಇಲ್ಲಿ ಬಟ್ಟೆ ವ್ಯಾಪಾರಕ್ಕೆ ನಿಂತವರ ಮಗ ಅವರು. ಕನ್ನಡ ಮಾತಾಡುವವರು ಸಿಕ್ಕರೆ ಫೀಸಿನ ಬೆಲೆಗಿಂತ ಹೆಚ್ಚು ಮಾತಾಡುತ್ತಿದ್ದರು. ಸೊಳ್ಳೆ ಕಚ್ಚಿದಾಗ ನಾಯಿಯ ಮೈಯೊಳಕ್ಕೆ ಒಂದು ಹುಳುವಿನ ಮರಿ ಹೋಗುತ್ತದೆ, ತಿಂಗಳುಗಟ್ಟಲೆ ಬೆಳೆದು ಹೃದಯದಲ್ಲಿ ಮನೆ ಮಾಡಿಕೊಳ್ಳುತ್ತದೆ, ಶಾವಿಗೆಯಂತೆ ಉದ್ದಕ್ಕೆ. ಈ ಊರಲ್ಲಿ ಅಪರೂಪ, ಆದರೂ ತಿಂಗಳಿಗೊಂದು ಮಾತ್ರೆ ಹಾಕಿದರೆ ಆ ಗೊಡವೆಯೇ ಇಲ್ಲ ಎಂದರು. ಸುಶಮೀಂದ್ರನಿಗೆ ಹಳೆಯ ಮನೆಯ ಬೀದಿಯಲ್ಲಿದ್ದ ಹಿರಿಯರು ವಿಷ್ಣುಮೂರ್ತಿಗಳ ಆನೆಕಾಲು ಕಣ್ಣಿಗೆ ಬಂತು. ಸಣ್ಣವನಿದ್ದಾಗ ಅವರ ಕಾಲಿಗೆ ನಮಸ್ಕಾರ ಮಾಡು ಎಂದರೆ ಯಾವ ಕಾಲಿಗೆ ಮಾಡಬೇಕೋ ತಿಳಿಯದೆ ನಿಲ್ಲುತ್ತಿದ್ದ. ಅದನ್ನು ಹೇಳಿದಾಗ, ಅದೇ ಜಾತಿಯ ಹುಳು, ದಾಯಾದಿ ಅನ್ನಿ ಎಂದರು ಡಾಕ್ಟರು. ಆಮೇಲೆ ನಗು ಬಿಟ್ಟು ಎರಡು ಮಾತು ಹೇಳಿದರು. ಮಾತ್ರೆಯನ್ನು ಮನೆಯಲ್ಲಿ ಒಬ್ಬರೇ ಕೊಡಬೇಕು. ಇಬ್ಬರ ಕೈಗೆ ಹೋದರೆ ಅವರು ಕೊಟ್ಟಿರಬಹುದು ಎಂದು ಇವರು ಸುಮ್ಮನಿರುತ್ತಾರೆ. ಮತ್ತೆ, ನಡುವೆ ತಪ್ಪಿಹೋದರೆ ತಾವಾಗಿ ಪುನಃ ಶುರುಮಾಡದೆ ಬಂದು ಹೇಳಬೇಕು. ಮರಿಹುಳುಗಳು ರಕ್ತಕ್ಕೆ ಇಳಿದ ಮೇಲೆ ಮಾತ್ರೆ ಬಿದ್ದರೆ ಒಟ್ಟಿಗೆ ಸತ್ತು ನಾಯಿಯನ್ನು ಕೆಡವಿಬಿಡಬಹುದು. ವಿಭಾ ಬೇರೆ ಬೇರೆ ಬ್ರಾಂಚುಗಳ ತಪಾಸಣೆಗೆ ಊರೂರು ಸುತ್ತುವವಳು. ಮಾತ್ರೆಯ ಕೆಲಸ ಗಂಡನದಾಯಿತು. ಇವರು ಮರೆಯುವವರಲ್ಲ ಎಂದು ಅವಳು ಡಾಕ್ಟರ ಮುಂದೆ ಹೇಳಿದಾಗ ಅವನಿಗೆ ಸಣ್ಣ ಮಕ್ಕಳಿಗಾಗುವಂಥ ಸಂತೋಷವಾಗಿತ್ತು.

ನಾಯಿ ಮಾತ್ರೆಯನ್ನು ಮೊಸರನ್ನದಲ್ಲಿ ಮಾತ್ರ ನುಂಗುತ್ತಿತ್ತು. ಬ್ರೆಡ್ಡಿನಲ್ಲಿಟ್ಟರೆ ಬ್ರೆಡ್ಡು ತಿಂದು ಮಾತ್ರೆಯನ್ನು ಚೊಕ್ಕಟವಾಗಿ ನೆಲದ ಮೇಲಿಡುತ್ತಿತ್ತು. ಮೊಸರನ್ನ ಕಲಸುವವಳು ಅಮ್ಮ ಜಾನಕಮ್ಮ. ನಾಯಿ ಬಂದ ಹೊಸದರಲ್ಲಿ ಅವಳು ಬಾಲ್ಕನಿಯ ಬಾಗಿಲು ದಾಟಿರಲಿಲ್ಲ. ಮಡಿ ಹೆಂಗಸು ನಾಯಿಯ ನೆರಳು ಸೋಕಿಸಿಕೊಳ್ಳುವುದುಂಟೆ. ಒಂದು ಮಳೆಗಾಲದಲ್ಲಿ ಗುಡುಗಿಗೆ ಹೆದರಿ ಮರಿ ಅವಳ ಸೀರೆಯ ನೆರಿಗೆಯೊಳಗೆ ನುಗ್ಗಿ ನಡುಗಿತು. ‘ಪಾವಂ’, ಅಯ್ಯೋ ಪಾಪ, ಎಂದಳು. ಅಷ್ಟಕ್ಕೇ ಮಡಿ ಸಡಿಲಾಯಿತು. ತನ್ನ ಊಟ ಮುಗಿದ ಮೇಲೆ ಬಾಲ್ಕನಿಯಲ್ಲಿ ಮಣೆ ಹಾಕಿಕೊಂಡು ಕೂತು, ಅನ್ನ ಹಿಸುಕಿ ಮೊಸರು ಸುರಿದು ಕೈಯಿಂದಲೇ ತಿನ್ನಿಸಿ, ಆಮೇಲೆ ಇನ್ನೊಂದು ಸ್ನಾನ ಮಾಡುತ್ತಿದ್ದಳು. ಲಾರಿ ನೀರಿಗೆ ಬೀದಿಯವರೆಲ್ಲ ಕೊಡ ಹಿಡಿದು ಕಾದಾಡುವ ದಿನಗಳಲ್ಲೂ ಆ ಎರಡನೆಯ ಸ್ನಾನ ನಿಲ್ಲಲಿಲ್ಲ. ನೀರು ಖರ್ಚಾಗುತ್ತದೆಂದು ವಿಭಾ ಗೊಣಗುವಳು. ಅತ್ತೆ ಸೊಸೆ ಒಬ್ಬರನ್ನೊಬ್ಬರು ಕಂಡರೆ ಕಿಡಿಕಾರುವವರಲ್ಲ, ಆದರೆ ಇಬ್ಬರಿಗೂ ಒಟ್ಟಿಗೆ ಇಷ್ಟವಾದ ವಸ್ತು ಈ ಮನೆಯಲ್ಲಿ ನಾಯಿ ಒಂದೇ. ಸುಶಮೀಂದ್ರ ತನ್ನನ್ನು ಆ ಲೆಕ್ಕಕ್ಕೆ ಸೇರಿಸಿಕೊಂಡಿರಲಿಲ್ಲ.

ಹೋದ ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ತರಕಾರಿ ಬಿಡುವ ವ್ರತ ಮುಗಿದು ಎರಡನೆಯದು, ಮೊಸರು ಬಿಡುವ ವ್ರತ, ಶುರುವಾಗಿತ್ತು. ಆ ತಿಂಗಳು ಅವರ ಮನೆಯಲ್ಲಿ ಹೆಪ್ಪು ಹಾಕುವುದಿಲ್ಲ. ಹೆಪ್ಪಿನ ಪಾತ್ರೆಯನ್ನೇ ಬೋರಲು ಹಾಕಿಡುತ್ತಾರೆ. ಅಪ್ಪ ಬದರಿನಾಥ ಬದುಕಿದ್ದಾಗ ಮೈಲಾಪೂರಿನ ಹಳೆಯ ಮನೆಯಲ್ಲಿ ನಡೆದಂತೆಯೇ ಎಲ್ಲ ಈ ಫ್ಲಾಟಿನಲ್ಲೂ ನಡೆಯುತ್ತಿತ್ತು. ಸುಶಮೀಂದ್ರ ಮಾತ್ರ ಆ ತಿಂಗಳು ಪೂರ್ತಿ ಎಣ್ಣೂರಿನ ಕ್ಯಾಂಟೀನಿನಲ್ಲಿ ಮಧ್ಯಾಹ್ನ ಮೊಸರನ್ನ ತಿನ್ನುತ್ತಿದ್ದ. ಅದರಲ್ಲಿ ಬಂಡಾಯವೇನೂ ಇರಲಿಲ್ಲ. ಹೊಟ್ಟೆಗೆ ತಂಪಾಗುತ್ತಿತ್ತು, ಅಷ್ಟೆ. ತಿಂದು ಬಾಯಿ ಮುಕ್ಕಳಿಸಿ, ಏಲಕ್ಕಿ ಜಗಿದು, ಮನೆಗೆ ಬಂದು ಅಮ್ಮನ ಎದುರು ಮೊಸರಿಲ್ಲದ ಊಟವನ್ನು ಏನೋ ಕಳೆದುಕೊಂಡವನ ಮುಖ ಮಾಡಿ ಉಣ್ಣುತ್ತಿದ್ದ. ಹೆಂಡತಿ ಟೂರಿನಲ್ಲಿ. ನಲವತ್ತೇಳು ವರ್ಷದ ಗಂಡಸು. ಆ ಮನೆಯಲ್ಲಿ ವ್ರತವನ್ನು ನಿಜವಾಗಿ ಹಿಡಿದವರು ಅಮ್ಮ ಮತ್ತು ನಾಯಿ.

ಮಾತ್ರೆಯ ದಿನ ಬಂತು. ಅಮ್ಮ ಹಾಲನ್ನ ಕಲಸಿದ್ದಳು. ಅದರೊಳಗೆ ಮಾತ್ರೆ ಒತ್ತಿಟ್ಟ. ನಾಯಿ ತಟ್ಟೆ ನೆಕ್ಕಿ ಬೆಳ್ಳಗೆ ಮಾಡಿ ಮಾತ್ರೆಯನ್ನು ನೆಲಕ್ಕಿಟ್ಟಿತು. ಬಾಯಿ ಅಗಲಿಸಿ ಒಳಗೆ ತಳ್ಳಿದ; ಅವನ ಕೈ ಕಚ್ಚದೆ, ಹಲ್ಲನ್ನು ಸುಮ್ಮನೆ ತಾಗಿಸಿ, ಮತ್ತೆ ಉಗುಳಿತು. ಏನೋ ಅದು ಎಂದು ಅಮ್ಮ ಕೇಳಿದಳು. ಏನಿಲ್ಲ ಎಂದ. ಅಮ್ಮ ಒಂದು ಗಳಿಗೆ ನಿಂತು ಒಳಗೆ ಹೋದಳು. ಸ್ಟೇಷನ್ ರಸ್ತೆಯಲ್ಲಿ ಮೂರು ಅಂಗಡಿಗಳಲ್ಲಿ ಮೊಸರಿನ ಪ್ಯಾಕೆಟ್ಟು ಸಿಗುತ್ತಿತ್ತು. ಒಂದನ್ನು ತಂದು ಅಮ್ಮನಿಗೆ ಹೀಗೆ ಎಂದು ಹೇಳುವುದು ಯಾರಿಗಾದರೂ ಹೊಳೆಯಬೇಕಾದ ದಾರಿ. ಅವನಿಗೂ ಹೊಳೆಯಿತು. ಚಪ್ಪಲಿ ಮೆಟ್ಟಿ ಮೆಟ್ಟಿಲವರೆಗೂ ಹೋದ. ಹತ್ತು ವರ್ಷದವನಾಗಿದ್ದಾಗ ಗೆಳೆಯ ರಾಮದಾಸನ ಮನೆಯಲ್ಲಿ ಇದೇ ತಿಂಗಳು ಮಜ್ಜಿಗೆ ಕುಡಿದು ಬಂದಿದ್ದ. ಮೀಸೆಯ ಜಾಗದಲ್ಲಿ ಬಿಳಿ ಗೆರೆ ಹಾಗೇ ಇತ್ತು. ಶ್ರಾದ್ಧಕ್ಕೆಂದು ಬಂದು ಕೂತಿದ್ದ ಬಂಧುಗಳ ಎದುರು ಅಪ್ಪ ಅವನನ್ನು ನಡುಮನೆಯಲ್ಲಿ ನಿಲ್ಲಿಸಿ, ಬಾಯಿ ತೆರೆಸಿ, ಪಂಚಗವ್ಯ ಹೊಯ್ದು ನುಂಗಿಸಿದ್ದ. ನುಂಗಿದ್ದು ವಾಂತಿಯಾಗಿ ಚಡ್ಡಿಯ ಮೇಲೆ ಬಿತ್ತು. ಯಾರೋ ನಕ್ಕರು. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನಿಂತಿದ್ದಳು, ಒಂದು ಮಾತೂ ಆಡಲಿಲ್ಲ. ಆ ಮೌನವನ್ನು ಅವನು ಅಪ್ಪನ ಮಾತಿಗೆ ಹಾಕಿದ ಸಹಿ ಎಂದು ತಿಳಿದುಕೊಂಡು ಇಷ್ಟು ವರ್ಷ ಇಟ್ಟುಕೊಂಡಿದ್ದ. ಮೆಟ್ಟಿಲಿಂದ ವಾಪಸು ಬಂದು ಚಪ್ಪಲಿ ಕಳಚಿದ. ಒದ್ದೆಯಾಗಿ ಮೆತ್ತಗಾದ ಮಾತ್ರೆಯನ್ನು ಕಾಗದದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು, ಮಾರನೆಯ ದಿನ ರೈಲು ಕೂವಂ ನದಿ ದಾಟುವಾಗ ಕಿಟಕಿಯಿಂದ ಎಸೆದ. ಟೂರಿಗೆ ಹೋದ ಊರಿನಿಂದ ವಿಭಾ ಫೋನಿನಲ್ಲಿ ಕೇಳಿದಾಗ ‘ಆಯ್ತು’ ಎಂದ. ಆ ಒಂದು ಮಾತು ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಕೊಂಚ ಆಶ್ಚರ್ಯವಾಯಿತು.

ಮುಂದಿನ ತಿಂಗಳು ಮೊಸರು ಬಂತು. ಅಷ್ಟರಲ್ಲಿ ಡಾಕ್ಟರ ಎರಡನೆಯ ಮಾತು ಅಡ್ಡ ನಿಂತಿತು. ತಪ್ಪಿದ್ದು ಒಂದೇ ತಿಂಗಳು, ಕೊಟ್ಟುಬಿಟ್ಟಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಆದರೆ ಬಹುಶಃ ಎಂಬುದನ್ನು ಯಾರನ್ನು ಕೇಳುವುದು? ಕೇಳಬೇಕಾದರೆ ಹೇಳಬೇಕು. ಹೇಳದೆ ಕೊಟ್ಟು ನಾಯಿ ಬಿದ್ದುಬಿಟ್ಟರೆ? ಹೀಗೆ, ನಾಯಿಯ ಮೇಲಿನ ಕಾಳಜಿಯಿಂದಲೇ ಅವನು ನಾಯಿಗೆ ಮಾತ್ರೆ ಕೊಡಲಿಲ್ಲ. ತಿಂಗಳಿಗೊಮ್ಮೆ ಒಂದನ್ನು ಹಾಳೆಯಿಂದ ಬಿಡಿಸಿ ಜೇಬಿಗಿಡುವುದು, ಕೂವಂ ಬಂದಾಗ ಎಸೆಯುವುದು ಮಾತ್ರ ಚಾಚೂ ತಪ್ಪದೆ ನಡೆಯಿತು. ಮಳೆ ಬಂತು. ಬೀದಿಯ ಗುಂಡಿಗಳಲ್ಲಿ ನೀರು ನಿಂತು ಮಾಂಬಲದ ಸೊಳ್ಳೆಗಳು ಮನೆಮಂದಿಯ ಮೇಲೆಲ್ಲ ಹಬ್ಬ ಮಾಡಿದವು. ರಾತ್ರಿ ಅವನು ಸೊಳ್ಳೆಪರದೆಯೊಳಗೆ ಮಲಗಿದಾಗ ಬಾಲ್ಕನಿಯಲ್ಲಿ ಶುಂಠಿ ಕಿವಿ ಫಟಫಟನೆ ಒದರುವುದು ಕೇಳಿಸುತ್ತಿತ್ತು. ಅಪರೂಪ ಎಂದಿದ್ದಾರಲ್ಲ, ಎಂದುಕೊಂಡು ಮಗ್ಗುಲಾಗುತ್ತಿದ್ದ. ಬೇರೆಯವರ ಮಾತಿನಲ್ಲಿ ತನಗೆ ಬೇಕಾದಷ್ಟನ್ನು ಮಾತ್ರ ನೆನಪಿಟ್ಟುಕೊಳ್ಳುವ ಕಲೆ ಅವನಿಗೆ ಆಫೀಸಿನಲ್ಲಿ ಸಿದ್ಧಿಸಿತ್ತು.

ಆಟೋದಲ್ಲಿ ಶುಂಠಿ ಇಬ್ಬರ ಮಧ್ಯೆ ಕೂತು, ತಲೆಯನ್ನು ಅವನ ತೊಡೆಯ ಮೇಲೆ ಇಟ್ಟುಕೊಂಡಿತು. ವಿಭಾಳ ತೊಡೆ ಆ ಪಕ್ಕದಲ್ಲೇ ಇತ್ತು. ಶುಂಠಿಯ ಪಕ್ಕೆಲುಬುಗಳು ಆಟೋ ನಿಂತಾಗಲೂ ಕುಲುಕುತ್ತಿದ್ದವು. ನಾಯಿಗೆ ನಿಮ್ಮನ್ನ ಕಂಡರೇ ಹೆಚ್ಚು ಎಂದು ವಿಭಾ ಹೊಟ್ಟೆಕಿಚ್ಚಿಲ್ಲದೆ ಹೇಳಿದಳು. ಅವನಿಗೆ ನಾಚಿಕೆಯಾಯಿತು. ಕಾಲು ಜೋಮು ಹಿಡಿದರೂ ಕದಲಿಸದೆ ಕೂತ.

ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ನಾಯಿಯ ತೂಕ ಇಳಿದಿತ್ತು. ಕೆಮ್ಮು ಎಂದಿನಿಂದ ಎಂದು ಕೇಳಿದರು. ವಿಭಾ ಈ ವಾರದಿಂದ ಎಂದಳು. ತನಗೆ ಕೇಳಿಸಿದ್ದು ಯಾವಾಗಿನಿಂದ ಎಂಬುದನ್ನು ಸುಶಮೀಂದ್ರ ಹೇಳಲಿಲ್ಲ. ಗೋಡೆಯ ಮೇಲೆ ನಾನಾ ಜಾತಿಯ ನಾಯಿಗಳ ಚಿತ್ರಪಟವಿತ್ತು, ಅದರಲ್ಲಿ ಶುಂಠಿಯಂಥದು ಒಂದೂ ಇರಲಿಲ್ಲ. ಕೊನೆಗೆ ಆ ಪ್ರಶ್ನೆ ಬಂತು.

‘ತಿಂಗಳ ಮಾತ್ರೆ ರೆಗ್ಯುಲರ್ ಆಗಿ ಹೋಗ್ತಾ ಇದೆಯಲ್ಲಮ್ಮ?’

‘ಒಂದು ತಿಂಗಳೂ ತಪ್ಪಿಲ್ಲ ಸಾರ್. ನಾನು ಊರಲ್ಲಿ ಇರಲಿ ಬಿಡಲಿ, ಇವರು ಕೊಟ್ಟೇ ಕೊಡ್ತಾರೆ.’

ಹಾಗಾದರೆ ಹುಳುವಿನ ಮಾತಿಲ್ಲ, ಕತ್ತರಿ ಬಿಸಿಲಿಗೆ ಗಂಟಲು ಕೆಟ್ಟಿರಬೇಕು ಎಂದು ಡಾಕ್ಟರು ಕೊಳವೆಯನ್ನು ಕುತ್ತಿಗೆಗೆ ಹಾಕಿಕೊಂಡರು. ಸುಶಮೀಂದ್ರನ ಮೈ ಹಗುರಾಯಿತು. ತಾನು ಬಂದದ್ದು ಇದಕ್ಕೇ, ಈ ಮಾತು ಮುಗಿಯುವುದನ್ನು ನೋಡಲಿಕ್ಕೆ, ಎಂದು ಆ ಕ್ಷಣ ಅವನಿಗೆ ಸ್ಪಷ್ಟವಾಯಿತು. ಡಾಕ್ಟರು ಮೇಜಿನ ಖಾನೆಯಿಂದ ಒಂದು ಹೊಸ ಡಬ್ಬಿ ತೆಗೆದರು. ಹೊರದೇಶದ್ದು, ಇನ್ನು ನಿಮ್ಮ ಮೊಸರನ್ನದ ತಾಪತ್ರಯ ಬೇಡ, ಮಿಠಾಯಿಯಂತೆ ಜಗಿದು ತಿನ್ನುತ್ತವೆ, ಯಾವುದರ ರುಚಿ ಹಾಕಿದ್ದಾರೆ ಎಂದು ಮಾತ್ರ ಮನೆಯ ಹಿರಿಯರಿಗೆ ಹೇಳಬೇಡಿ, ನಮ್ಮ ಮನೆಯಲ್ಲೂ ನಾನು ಹೇಳಿಲ್ಲ ಎಂದು ನಕ್ಕರು. ಈ ತಿಂಗಳದ್ದು ಇಲ್ಲೇ ಆಗಿಹೋಗಲಿ ಎಂದು ಕಂದುಬಣ್ಣದ ಚೌಕವೊಂದನ್ನು ಅಂಗೈಯಲ್ಲಿಟ್ಟು ಚಾಚಿದರು. ಶುಂಠಿ ಮೂಗರಳಿಸಿತು. ಎಷ್ಟೋ ದಿನಗಳ ಮೇಲೆ ಅದರ ಬಾಲ ಆಡಿತು. ನಾಲಿಗೆ ಹೊರಗೆ ಬಂತು.

‘ಸಾರ್, ಕೊಡಬೇಡಿ,’ ಎಂದ ಸುಶಮೀಂದ್ರ.

ಡಾಕ್ಟರು ಕೈ ಹಿಂದಕ್ಕೆ ತೆಗೆದುಕೊಂಡರು. ನಾಯಿ ಅವರ ಮುಷ್ಟಿಯನ್ನೇ ನೋಡುತ್ತಿತ್ತು. ನಡುವೆ ಸ್ವಲ್ಪ ತಪ್ಪಿದೆ ಎಂದ. ಎಷ್ಟು ಎಂದು ಕೇಳಿದರು. ಚಾತುರ್ಮಾಸ್ಯದಿಂದ ಈಚೆಗೆ ಎಂದ. ವಿಭಾ ಅವನ ಕಡೆ ತಿರುಗಿದಳು. ಅವಳ ಮುಖದಲ್ಲಿ ಇನ್ನೂ ಸಿಟ್ಟು ಬಂದಿರಲಿಲ್ಲ, ಬರೀ ಅರ್ಥವಾಗದ್ದು ಇತ್ತು. ಅದನ್ನು ನೋಡಲು ಅವನಿಂದಾಗಲಿಲ್ಲ. ಇಲ್ಲಿಯವರೆಗೆ ಹೇಳಿದ್ದೆಲ್ಲ ನಿಜವೇ ಆಗಿತ್ತು; ಇನ್ನೊಂದೇ ಮಾತು ಉಳಿದಿತ್ತು.

‘ಅಮ್ಮ...’ ಎಂದ. ‘ವ್ರತದ ತಿಂಗಳು. ನಾಯಿಗೂ ಮೊಸರು ಕೂಡದು ಅಂದ್ರು.’

‘ಆಮೇಲೆ?’ ಎಂದಳು ವಿಭಾ.

‘ಆಮೇಲೂ.’

ಆಡಿ ಮುಗಿಸಿದ ಮೇಲೆ ಅದು ಅಷ್ಟೇನೂ ಸುಳ್ಳಲ್ಲ ಎನಿಸತೊಡಗಿತು. ಅಮ್ಮನನ್ನು ಕೇಳಿದ್ದರೆ ಹಾಗೆಯೇ ಅನ್ನುತ್ತಿದ್ದಳು. ಕೇಳದೆ ಇದ್ದದ್ದು ಅವನ ತಪ್ಪಿರಬಹುದು, ಆದರೆ ಉತ್ತರ ಅವಳದೇ. ಡಾಕ್ಟರು ಶುಂಠಿಯ ಮುಂಗಾಲಿನಿಂದ ರಕ್ತ ತೆಗೆದು, ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ, ಕಿಟಕಿಯ ಪಕ್ಕದ ಸೂಕ್ಷ್ಮದರ್ಶಕಕ್ಕೆ ಬಾಗಿದರು. ಹೊರಗೆ ದೇವಸ್ಥಾನದ ತೇರು ನಿಲ್ಲುವ ತೇರಡಿಯ ಕಡೆ ಹೋಗುವ ಬಸ್ಸೊಂದು ಹಾರನ್ ಬಾರಿಸುತ್ತಲೇ ಇತ್ತು. ಅವರು ನೆಟ್ಟಗಾಗಿ, ನೀವೇ ನೋಡಿ ಎಂದರು. ವಿಭಾ ನೋಡಿದಳು, ನೋಡಿ ಪಕ್ಕಕ್ಕೆ ಸರಿದು ನಾಯಿಯ ಕುತ್ತಿಗೆ ಹಿಡಿದುಕೊಂಡು ನಿಂತಳು. ಅವನೂ ಬಗ್ಗಿದ. ಮೊದಲು ತನ್ನ ಕಣ್ಣರೆಪ್ಪೆಯೇ ಕಂಡಿತು. ಆಮೇಲೆ ನಸುಹಳದಿ ಬೆಳಕು, ಹರಳು ಹರಳಾಗಿ ರಕ್ತದ ಕಣ, ನಡುವೆ ಒಂದು ಎಳೆ. ದಾರದ ತುಂಡು ಎಂದುಕೊಳ್ಳುವಷ್ಟರಲ್ಲಿ ಅದು ಮೈ ಮುರಿಯಿತು. ಸುತ್ತಲಿನ ಕಣಗಳನ್ನು ತಳ್ಳಿಕೊಂಡು ಹೊರಳಿತು. ಅದರಾಚೆ ಇನ್ನೊಂದು. ಅವಸರವಿಲ್ಲ, ಕೋಪವಿಲ್ಲ, ತಮ್ಮ ಮನೆಯಲ್ಲಿದ್ದಂತೆ ಇದ್ದವು. ಎಷ್ಟು ಹೊತ್ತು ನೋಡುತ್ತಿದ್ದನೋ, ಡಾಕ್ಟರು ಭುಜ ಮುಟ್ಟಿದಾಗ ತಲೆ ಎತ್ತಿದ.

ಇನ್ನೂ ಒಂದು ಪರೀಕ್ಷೆಯಾಗಬೇಕು, ಆದರೆ ಕೆಮ್ಮು ನೋಡಿದರೆ ಅನುಮಾನ ಕಡಿಮೆ ಎಂದರು ಡಾಕ್ಟರು. ದೊಡ್ಡ ಹುಳುಗಳನ್ನು ಸಾಯಿಸುವ ಇಂಜೆಕ್ಷನ್ ಹೊರಗಿನಿಂದ ತರಿಸಬೇಕು. ಅದೂ ಒಂದು ಬಗೆಯ ವಿಷವೇ. ಸತ್ತ ಹುಳುಗಳು ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತವೆ, ಆ ದಿನಗಳಲ್ಲಿ ನಾಯಿ ಓಡಬಾರದು, ಮೆಟ್ಟಿಲು ಹತ್ತಬಾರದು, ಖುಷಿಗೂ ನೆಗೆಯಬಾರದು. ಹೆಚ್ಚಿನವು ತಡೆದುಕೊಳ್ಳುತ್ತವೆ ಎಂದರು. ಉಳಿದವುಗಳ ಬಗ್ಗೆ ವಿಭಾ ಕೇಳಲಿಲ್ಲ. ಬಾಗಿಲವರೆಗೆ ಬಂದು ಡಾಕ್ಟರು ತಗ್ಗಿದ ದನಿಯಲ್ಲಿ ಅವನೊಬ್ಬನಿಗೇ, ಈಗಾದರೂ ಹೇಳಿದಿರಲ್ಲ ಎಂದರು. ಹೊಗಳಿದರೋ ಚುಚ್ಚಿದರೋ ಗೊತ್ತಾಗಲಿಲ್ಲ.

ಬರುವಾಗ ಆಟೋದಲ್ಲಿ ವಿಭಾ ನಾಯಿಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ತನಗೆ ಯಾಕೆ ಆಗಲೇ ಹೇಳಲಿಲ್ಲ ಎಂದು ಒಮ್ಮೆ ಕೇಳಿ, ಅವನು ಬಾಯಿ ತೆರೆಯುವ ಮೊದಲೇ, ಅಮ್ಮನಿಗೂ ನನಗೂ ನಡುವೆ ಜಗಳ ಬೇಡ ಅಂತ ತಾನೆ ಎಂದು ತಾನೇ ಉತ್ತರವನ್ನೂ ಹೇಳಿಕೊಂಡಳು. ಅವನ ಸುಳ್ಳು ಇನ್ನೂ ಹೊಸ್ತಿಲು ದಾಟಿರಲಿಲ್ಲ, ಅಷ್ಟರಲ್ಲಿ ಅದಕ್ಕೆ ಒಳ್ಳೆಯತನದ ಅಂಗಿ ತೊಡಿಸಿಯಾಗಿತ್ತು. ಕೋಡಂಬಾಕ್ಕಂ ಕಡೆಗೆ ತಿರುಗುವ ಸಿಗ್ನಲಿನಲ್ಲಿ ಇಳಿದು ಎಣ್ಣೂರಿಗೆ ಹೋಗಿಬಿಡೋಣ ಎನಿಸಿತು. ಇಳಿಯಲಿಲ್ಲ. ಅಮ್ಮ ಇಲ್ಲ ಅನ್ನುತ್ತಾಳೆ, ನಾನೆಲ್ಲಿ ಹಾಗೆ ಹೇಳಿದೆ ಎನ್ನುತ್ತಾಳೆ, ಆಗ ಎಲ್ಲ ಹೊರಗೆ ಬೀಳುತ್ತದೆ. ಅದನ್ನು ನೆನೆದು ಹೆದರಿಕೆಯಾಯಿತು, ಹೆದರಿಕೆಯ ಅಡಿಯಲ್ಲಿ ಒಂದು ಬಗೆಯ ಸಮಾಧಾನವೂ ಇತ್ತು. ತನ್ನ ಕೈಯಲ್ಲಿ ಆಗದ್ದನ್ನು ಅವಳಾದರೂ ಮಾಡಿಬಿಡುತ್ತಾಳೆ.

ಮನೆಗೆ ಬಂದಾಗ ಮಧ್ಯಾಹ್ನವಾಗಿತ್ತು. ಜಾನಕಮ್ಮ ಬಾಲ್ಕನಿಯಲ್ಲಿ ಮಣೆ ಹಾಕಿಕೊಂಡು, ತಟ್ಟೆಯಲ್ಲಿ ಅನ್ನ ಹಿಸುಕುತ್ತಾ ಕೂತಿದ್ದಳು. ವಿಭಾ ಚಪ್ಪಲಿಯನ್ನೂ ಬಿಡದೆ ನೇರ ಅಲ್ಲಿಗೆ ಹೋದಳು.

‘ಅತ್ತೆ, ಚಾತುರ್ಮಾಸ್ಯದಲ್ಲಿ ಇದರ ಮಾತ್ರೆಗೆ ಮೊಸರು ಕೂಡದು ಅಂದ್ರಂತೆ. ಹೌದಾ?’

ಅಮ್ಮ ಸೊಸೆಯ ಮುಖ ನೋಡಿದಳು. ಆಮೇಲೆ, ಅವಳ ಹೆಗಲಿನಾಚೆ, ಬಾಗಿಲ ಹತ್ತಿರ ನಿಂತ ಮಗನನ್ನು ನೋಡಿದಳು. ಸುಶಮೀಂದ್ರ ಕಣ್ಣು ತಗ್ಗಿಸಲಿಲ್ಲ, ತಗ್ಗಿಸಿದ್ದರೆ ಒಳ್ಳೆಯದಿತ್ತೇನೋ. ಅವನ ಗಲ್ಲದ ಗಾಯ ಉರಿಯುತ್ತಿತ್ತು. ಅಮ್ಮನ ಮುಖದಲ್ಲಿ ಆಶ್ಚರ್ಯ ಹುಟ್ಟಿದ್ದು, ಅದು ನಿಂತದ್ದು, ಮತ್ತೇನೋ ಬಂದು ಅದರ ಜಾಗದಲ್ಲಿ ಕೂತದ್ದು ಅವನಿಗೆ ಒಂದೊಂದಾಗಿ ಕಂಡಿತು.

‘ಹೌದಮ್ಮ,’ ಎಂದಳು. ‘ನಾನೇ ಕೂಡದು ಅಂದೆ.’

‘ಆಮೇಲೆ? ಮೊಸರು ಬಂದ ಮೇಲೆ?’

‘ಆಮೇಲೂ.’

ಜಗಳಕ್ಕೆ ಸಿದ್ಧಳಾಗಿ ಬಂದಿದ್ದ ವಿಭಾಗೆ ಎದುರು ಏನೂ ಸಿಗಲಿಲ್ಲ. ‘ಇದರ ಎದೆಯಲ್ಲಿ ಹುಳ ಆಗಿದೆ ಅತ್ತೆ. ಬದುಕುತ್ತೋ ಇಲ್ವೋ ಗೊತ್ತಿಲ್ಲ’ ಎಂದಳು. ಅನ್ನದಲ್ಲಿದ್ದ ಅಮ್ಮನ ಕೈ ಅಲ್ಲೇ ನಿಂತಿತು. ಕೈಯನ್ನು ನೋಡಿಕೊಂಡಳು. ತಾನು ತುತ್ತು ಮಾಡಿ ತಿನ್ನಿಸಿದ್ದು ಇಷ್ಟು ದಿನವೂ ವಿಷವೇ ಆಗಿತ್ತೇನೋ ಎನ್ನುವಂತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ವಿಭಾ ಬಗ್ಗಿ ತಟ್ಟೆಯನ್ನು ಅವಳ ಮುಂದಿನಿಂದ ಎತ್ತಿಕೊಂಡಳು. ‘ಇನ್ಮೇಲೆ ಇದಕ್ಕೆ ನಾನೇ ಹಾಕ್ತೀನಿ. ನೀವು ಮುಟ್ಟಬೇಡಿ.’

ಅಮ್ಮ ಸರಿ ಎಂದಳು. ವಿಭಾ ತಟ್ಟೆಯನ್ನು ನಡುಮನೆಯ ಮೂಲೆಯಲ್ಲಿಟ್ಟು ಶುಂಠಿಯನ್ನು ಕರೆದಳು. ಅದು ತಟ್ಟೆ ಹೋದ ದಿಕ್ಕನ್ನು ನೋಡಿತು, ಮಣೆಯನ್ನು ನೋಡಿತು, ಬಂದು ಎಂದಿನಂತೆ ಅಮ್ಮನ ಮೊಣಕಾಲಿಗೆ ಒರಗಿ ಕೂತಿತು. ಅಮ್ಮ ಕೈ ಚಾಚಲಿಲ್ಲ.

‘ಹೋಗು,’ ಎಂದಳು ಮೆಲ್ಲಗೆ. ‘ಅವಳು ಕರೀತಾಳಲ್ಲ, ಹೋಗು.’

ನಾಯಿ ಹೋಗಲಿಲ್ಲ. ವಿಭಾ ಬಂದು ಕೊರಳಪಟ್ಟಿ ಹಿಡಿದು ಎಳೆದುಕೊಂಡು ಹೋದಳು. ಅಮ್ಮ ಮಣೆಯನ್ನು ಗೋಡೆಗೆ ಒರಗಿಸಿ ಎದ್ದಳು. ಸುಶಮೀಂದ್ರ ಎರಡು ಹೆಜ್ಜೆ ಮುಂದೆ ಬಂದ. ನಡುಮನೆಯಲ್ಲಿ ವಿಭಾ ಇದ್ದಳು, ಕೂಗಿ ಹೇಳಬೇಕಾಗಿರಲಿಲ್ಲ, ಸಾಮಾನ್ಯವಾಗಿ ಹೇಳಿದರೂ ಕೇಳಿಸುವಷ್ಟು ಹತ್ತಿರ. ಅಮ್ಮ ಹಾಗೆ ಹೇಳಲಿಲ್ಲ, ನಾನು ಕೇಳಲೇ ಇಲ್ಲ. ಇಷ್ಟೇ ಆಡಬೇಕಾಗಿದ್ದ ಮಾತು. ಅದು ಬಾಯಿಯವರೆಗೂ ಬಂದಿತ್ತು. ಅಮ್ಮ ಅವನ ಬಾಯನ್ನೇ ನೋಡುತ್ತಿದ್ದಳು.

‘ಬಿಸಿಲಲ್ಲಿ ಬಂದಿದೀಯ ಸುಶಮಿ,’ ಎಂದಳು. ‘ಕೈಕಾಲು ತೊಳ್ಕೊಂಡು ಬಾ. ಎಲೆ ಹಾಕ್ತೀನಿ.’

ಅವನು ಕೈಕಾಲು ತೊಳೆದುಕೊಳ್ಳಲು ಹೋದ.